ಸುವಾರ್ತೆ ಹೇಳುವವರು, ಕೇಳುವವರು ಮತ್ತು ಕಾನೂನು

ಪರಿಚಯದವರನ್ನು ಪ್ರಾರ್ಥನಾ ಕೂಟಕ್ಕೆ ಕರೆಯುವುದು, ಬಸ್ ನಿಲ್ದಾಣದಲ್ಲಿ ಸುವಾರ್ತೆಯ ಕರಪತ್ರ ಕೊಡುವುದು, ನೆರೆಮನೆಯವರೊಂದಿಗೆ ಯೇಸುವಿನ ವಿಷಯ ಮಾತನಾಡುವುದು ಅಪರಾಧವೆಂದೇ ನಂಬಿರುವವರು ನಮ್ಮಲ್ಲಿ ಬಹಳ. ಸಂವಿಧಾನವೇ ಪ್ರಚಾರದ ಹಕ್ಕು ಕೊಟ್ಟಿರುವಾಗ ಹೇಗೆ ಹೇಳಿದರೂ ನಡೆಯುತ್ತದೆ ಎಂದುಕೊಂಡಿರುವ ಉತ್ಸಾಹಿ ಪ್ರಚಾರಕರೂ ಕಡಿಮೆಯಿಲ್ಲ. ಎರಡು ಎಣಿಕೆಯೂ ತಪ್ಪು. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಮೊದಲು ಕೊಡುವುದು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು. ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಅದರ ಬೆನ್ನಿಗೆ ಬರುತ್ತದೆ. ಇವೆಲ್ಲವೂ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೆ ಒಳಪಟ್ಟಿವೆ. ಈ ಅನುಕ್ರಮದಲ್ಲೇ ಕಾನೂನಿನ ತಿರುಳಿದೆ ಎಂಬುದು ನನ್ನ ವಾದ. ಹೇಳುವವನ ಹಕ್ಕು ಗಟ್ಟಿಯಾದುದೇ, ಆದರೆ ಅದು ಕೇಳುವವನ ಆತ್ಮಸಾಕ್ಷಿಯ ಹೊಸ್ತಿಲಿನವರೆಗೆ ಮಾತ್ರ. ವಿವೇಕದಿಂದ ಸುವಾರ್ತೆ ಹೇಳುವವನು ಹೇಗೂ ಅಲ್ಲಿಯೇ ನಿಲ್ಲುತ್ತಾನೆ.

ಪ್ರಚಾರದ ಹಕ್ಕು ಸಂವಿಧಾನದೊಳಗೆ ಸದ್ದಿಲ್ಲದೆ ಬಂದು ಸೇರಿದ್ದಲ್ಲ. 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಲೋಕನಾಥ ಮಿಶ್ರ ಅದನ್ನು ಕಟುವಾಗಿ ವಿರೋಧಿಸಿದರು. ‘ಪ್ರಚಾರ’ ಎಂಬ ಮಾತನ್ನು ತೆಗೆದುಹಾಕಿದರೂ ವಾಕ್ ಸ್ವಾತಂತ್ರ್ಯದಡಿ ಜನ ತಮ್ಮ ನಂಬಿಕೆಯನ್ನು ಇನ್ನೊಬ್ಬರಿಗೆ ಮನವರಿಕೆ ಮಾಡಿಕೊಡಬಹುದಲ್ಲ ಎಂದು ಕೆ.ಎಂ. ಮುನ್ಷಿ ಉತ್ತರ ಕೊಟ್ಟರು. ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ವರ್ಷಗಟ್ಟಲೆ ಓದಿದ್ದ ಟಿ.ಟಿ. ಕೃಷ್ಣಮಾಚಾರಿ, ತಮ್ಮನ್ನು ಮತಾಂತರಿಸಲು ಅಲ್ಲಿ ಯಾರೂ ಯತ್ನಿಸಲಿಲ್ಲ ಎಂದು ನೆನಪಿಸಿ, ಈ ಹಕ್ಕು ಆರ್ಯಸಮಾಜದವರಿಗೂ ಇದ್ದೇ ಇದೆ ಎಂದರು. ಮುಂದೆ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಗೆರೆ ಎಳೆಯಿತು: ಧರ್ಮದ ತತ್ತ್ವಗಳನ್ನು ವಿವರಿಸಿ ಹರಡುವ ಹಕ್ಕಿದೆ, ಇನ್ನೊಬ್ಬನನ್ನು ಮತಾಂತರಿಸುವ ಮೂಲಭೂತ ಹಕ್ಕು ಯಾರಿಗೂ ಇಲ್ಲ. ಪ್ರಚಾರದ ಹಕ್ಕಿದ್ದು ಅದರ ಸಹಜ ಫಲಕ್ಕೆ ಹಕ್ಕಿಲ್ಲವೆಂದರೆ ಹೇಗೆ ಎಂಬ ಆಕ್ಷೇಪ ಅಂದಿನಿಂದಲೂ ಇದೆ. ಸಂವಿಧಾನ ತಜ್ಞ ಎಚ್.ಎಂ. ಸೀರವಾಯಿ ಈ ತೀರ್ಪನ್ನು ಖಾರವಾಗಿಯೇ ಟೀಕಿಸಿದ್ದರು. ಟೀಕೆಯಲ್ಲಿ ಹುರುಳಿದೆ. ಆದರೂ, ಮನಸ್ಸು ಬದಲಿಸಿಕೊಳ್ಳುವ ಹಕ್ಕು ಬದಲಾಗುವವನದು, ಬದಲಿಸುವವನದಲ್ಲ ಎಂದು ತೀರ್ಪನ್ನು ಓದಿಕೊಂಡರೆ ಹೇಳುವವನು ಕಳೆದುಕೊಳ್ಳುವುದೇನೂ ಉಳಿಯುವುದಿಲ್ಲ.

ಕರ್ನಾಟಕದಲ್ಲಿ ಇಂದಿನ ಗೊಂದಲಕ್ಕೆಲ್ಲ ಕಾರಣ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ. ಜನರ ಬಾಯಲ್ಲಿ ಅದು ‘ಮತಾಂತರ ನಿಷೇಧ ಕಾಯ್ದೆ’. ಅದು ನಿಷೇಧಿಸಿರುವುದು ತಪ್ಪು ನಿರೂಪಣೆ, ಬಲವಂತ, ಅನುಚಿತ ಪ್ರಭಾವ, ಆಮಿಷ, ವಂಚನೆ ಇಲ್ಲವೇ ಮದುವೆಯ ಭರವಸೆಯಿಂದ ಮಾಡುವ ಮತಾಂತರವನ್ನು ಮತ್ತು ಅಂಥ ಯತ್ನವನ್ನು. ಶಿಕ್ಷೆ ಮೂರರಿಂದ ಐದು ವರ್ಷ ಜೈಲು, 25 ಸಾವಿರ ರೂಪಾಯಿ ದಂಡ. ಮತಾಂತರಗೊಂಡವರು ಅಪ್ರಾಪ್ತರು, ಮಹಿಳೆಯರು ಅಥವಾ ಪರಿಶಿಷ್ಟ ಜಾತಿ, ಪಂಗಡದವರಾದರೆ ಹತ್ತು ವರ್ಷದವರೆಗೆ ಜೈಲು. ಅಪರಾಧಕ್ಕೆ ಜಾಮೀನಿಲ್ಲ, ಮತಾಂತರ ಅಕ್ರಮವಲ್ಲವೆಂದು ಸಾಬೀತುಪಡಿಸುವ ಹೊಣೆಯೂ ಆರೋಪಿಯ ಮೇಲೆಯೇ. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತೆಂಬ ಸುದ್ದಿಯನ್ನೇ ನಂಬಿ ಹಲವರು ನಿಶ್ಚಿಂತರಾಗಿದ್ದಾರೆ. ಸಂಪುಟದ ತೀರ್ಮಾನದಿಂದ ಯಾವ ಕಾಯ್ದೆಯೂ ಬಿದ್ದುಹೋಗುವುದಿಲ್ಲ. ರದ್ದತಿ ಮಸೂದೆ ಉಭಯ ಸದನಗಳಲ್ಲಿ ಅಂಗೀಕಾರವಾಗಿ, ಅಂಕಿತ ಬಿದ್ದು, ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಯಾವ ಹೆಜ್ಜೆ ಇಡುವ ಮುನ್ನವೂ ಇಂದಿನ ಸ್ಥಿತಿಯನ್ನು ವಕೀಲರಲ್ಲಿ ವಿಚಾರಿಸಿಕೊಳ್ಳಿ.

ಕಾಯ್ದೆಯಲ್ಲಿ ‘ಆಮಿಷ’ದ ವ್ಯಾಖ್ಯೆ ತೀರಾ ಹಿಗ್ಗಿದೆ. ಉಡುಗೊರೆ, ಹಣ, ನೌಕರಿ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ, ದೈವಕೋಪದ ಬೆದರಿಕೆ ಇಷ್ಟೇ ಅಲ್ಲ, ಒಂದು ಧರ್ಮದ ಆಚರಣೆಯನ್ನು ಇನ್ನೊಂದರ ಎದುರು ಕೀಳಾಗಿ ತೋರಿಸುವುದೂ ಅದರಲ್ಲಿ ಸೇರಿದೆ. ಹಾಗಿದ್ದರೆ ಸೇವೆಯನ್ನೇ ಧರ್ಮವೆಂದು ಬಗೆಯುವ ಕ್ರೈಸ್ತರು ಹಸಿದವರಿಗೆ ಅನ್ನ ಹಾಕಬಾರದೇ? ಧಾರಾಳವಾಗಿ ಹಾಕಬಹುದು. ಅಕ್ಕಿ ಚೀಲ ಭಾನುವಾರದ ಆರಾಧನೆಗೆ ಬಂದವರಿಗೆ ಮಾತ್ರ ಸಿಗುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಬೈಬಲ್ ಹಂಚುವುದು, ಒಳ್ಳೆಯ ಬೋಧನೆ ಮಾಡುವುದು, ಊರವರನ್ನು ಸೇರಿಸಿ ಊಟ ಹಾಕುವುದು ಆಮಿಷವಲ್ಲವೆಂದು ಅಲಹಾಬಾದ್ ಹೈಕೋರ್ಟ್ 2023ರಲ್ಲಿ ಹೇಳಿದೆ. ಪ್ರಾರ್ಥನೆಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ, ಮಾತ್ರೆ ಬಿಡಿ ಎನ್ನುವುದು ಮಾತ್ರ ಬೇರೆಯೇ ಮಾತು; ಅದನ್ನು ನಾನು ಸಮರ್ಥಿಸಲಾರೆ, ಕಾನೂನೂ ಸಮರ್ಥಿಸದು. ಈ ಕಾಯ್ದೆಯ ಆಚೆಗೂ ಮಿತಿಗಳಿವೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕೂರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಧ್ವನಿವರ್ಧಕದ ಬಗ್ಗೆ ಚೆನ್ನೈನ ಒಂದು ಚರ್ಚಿನ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2000ದಲ್ಲಿ ಇತ್ಯರ್ಥ ಮಾಡಿದೆ: ನೆರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿರೆಂದು ಯಾವ ಧರ್ಮವೂ ಹೇಳುವುದಿಲ್ಲ. ಅಮೆರಿಕ, ಕೆನಡಾದಿಂದ ಊರಿಗೆ ಬರುವ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನ ಕನ್ನಡಿಗರು ಮಿಷನರಿ ಕೆಲಸಕ್ಕೆ ಇಳಿಯಬೇಕಾದರೆ 2021ರ ಅಧಿಸೂಚನೆಯಂತೆ ವಿಶೇಷ ಅನುಮತಿ ಪಡೆಯಲೇಬೇಕು.

ಬಡವರು, ದಲಿತರು, ಹೆಣ್ಣುಮಕ್ಕಳು ಸುಲಭವಾಗಿ ಮೋಸಹೋಗುತ್ತಾರೆ, ಅವರಿಗೆ ಹೆಚ್ಚಿನ ರಕ್ಷಣೆ ಬೇಡವೇ ಎಂದು ಕೇಳುವವರಿದ್ದಾರೆ. ಮೋಸದಿಂದ ರಕ್ಷಣೆ ಎಲ್ಲರಿಗೂ ಬೇಕು. ಆದರೆ ಮತ ಹಾಕಲು, ಆಸ್ತಿ ಬರೆದುಕೊಡಲು ಬುದ್ಧಿಯುಳ್ಳವಳು ದೇವರ ವಿಷಯಕ್ಕೆ ಬಂದರೆ ಮಾತ್ರ ಮಗುವಾಗುತ್ತಾಳೆ ಎಂಬ ವಾದವನ್ನು ಒಪ್ಪಲಾಗದು. ಅವಳಿಗೆ ನಿಜವಾದ ರಕ್ಷಣೆ ಪೂರ್ಣ ಮಾಹಿತಿ, ಅದನ್ನು ಕೊಡುವ ಕರ್ತವ್ಯ ಮೊದಲು ಸುವಾರ್ತೆ ಹೇಳುವವರದೇ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮದವರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ. ಕ್ರೈಸ್ತ ಧರ್ಮಕ್ಕೆ ಸೇರಿದರೆ ಅದು ಹೋಗುತ್ತದೆ. ಪರಿಶಿಷ್ಟ ಪಂಗಡಕ್ಕೆ ಈ ಷರತ್ತಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಸಂಗಾತಿಯ ಮತಾಂತರ ವಿಚ್ಛೇದನಕ್ಕೆ ಆಧಾರ. ಮತಾಂತರದ ನಂತರ ಹುಟ್ಟಿದ ಮಕ್ಕಳಿಗೆ ಹಿಂದೂ ಬಂಧುಗಳ ಆಸ್ತಿಯಲ್ಲಿ ಉತ್ತರಾಧಿಕಾರ ಸಿಗುವುದಿಲ್ಲ. ದೀಕ್ಷಾಸ್ನಾನದ ದಿನ ಗೊತ್ತುಮಾಡಿ ಇದನ್ನೆಲ್ಲ ಬಚ್ಚಿಡುವ ಪಾಸ್ಟರ್ ಪ್ರಾಮಾಣಿಕನಲ್ಲ. ರಾಜ್ಯದ ಕಾಯ್ದೆಯ ಪ್ರಕಾರ ಮತಾಂತರವಾಗುವವರೂ ಅದನ್ನು ನೆರವೇರಿಸುವವರೂ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ನಿಗದಿತ ನಮೂನೆಯಲ್ಲಿ ಘೋಷಣೆ ಕೊಡಬೇಕು. ಅದು ನೋಟಿಸ್ ಬೋರ್ಡಿಗೆ ಏರುತ್ತದೆ, ಯಾರಾದರೂ ಆಕ್ಷೇಪಿಸಿದರೆ ವಿಚಾರಣೆ ನಡೆಯುತ್ತದೆ. ಇಂಥದೇ ನಿಯಮವನ್ನು ಹಿಮಾಚಲ ಪ್ರದೇಶ ಹೈಕೋರ್ಟ್ 2012ರಲ್ಲಿ ಅಸಿಂಧುಗೊಳಿಸಿತು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಸಾರಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ. ಮನಸ್ಸಿನೊಳಗಿನ ನಂಬಿಕೆಯನ್ನು ಕಚೇರಿಯ ಗೋಡೆಗೆ ಅಂಟಿಸುವುದು ಆ ತೀರ್ಪಿನೊಂದಿಗೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಕಾಯ್ದೆ ಜಾರಿಯಲ್ಲಿರುವಾಗ ನಮೂನೆ ಕೊಡದೆ ಇರುವುದು ಜಾಣತನವಲ್ಲ.

ಇನ್ನು ದೂರಿನ ವಿಚಾರ. ಕಾಯ್ದೆಯ 4ನೇ ಕಲಮಿನಂತೆ ದೂರು ಕೊಡಬಹುದಾದವರು ಮತಾಂತರಗೊಂಡ ವ್ಯಕ್ತಿ, ತಂದೆತಾಯಿ, ಒಡಹುಟ್ಟಿದವರು, ಬಂಧುಗಳು, ಒಡನಾಟವುಳ್ಳವರು ಅಥವಾ ಸಹೋದ್ಯೋಗಿ; ದಾರಿಹೋಕರಲ್ಲ. ಜಮಖಂಡಿಯ ದೇವಸ್ಥಾನವೊಂದರ ಬಳಿ ಇಸ್ಲಾಂ ಕುರಿತ ಕರಪತ್ರ ಹಂಚಿದರೆಂದು ಮೂವರ ಮೇಲೆ ಹೂಡಿದ್ದ ಪ್ರಕರಣವನ್ನು ಕರ್ನಾಟಕ ಹೈಕೋರ್ಟ್ 2025ರಲ್ಲಿ ರದ್ದುಪಡಿಸಿದ್ದು, ದೂರುದಾರರು ಈ ಪಟ್ಟಿಗೆ ಸೇರುವುದಿಲ್ಲ ಮತ್ತು ಯಾರನ್ನಾದರೂ ಮತಾಂತರಿಸಿದ ಇಲ್ಲವೇ ಯತ್ನಿಸಿದ ಆರೋಪವಿಲ್ಲ ಎಂಬ ಕಾರಣಕ್ಕೆ. ಕರಪತ್ರ ಯಾವ ಧರ್ಮದ್ದಾದರೂ ಈ ತರ್ಕ ಒಂದೇ. ಇತ್ತ ಇನ್ನೊಬ್ಬರ ದೇವರನ್ನು ಬೇಕೆಂದೇ, ದುರುದ್ದೇಶದಿಂದ ನಿಂದಿಸಿದರೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು ಕಾದಿದೆ, ಮೂರು ವರ್ಷದವರೆಗೆ ಶಿಕ್ಷೆ. ಅತ್ತ ನಡೆಯುತ್ತಿರುವ ಆರಾಧನೆಗೆ ನುಗ್ಗಿ ಅಡ್ಡಿಪಡಿಸುವವರಿಗೆ 300ನೇ ಕಲಮು ಇದೆ. ‘ಬೇಡ’ ಎಂದ ಮನೆಯಿಂದ ಹೊರಡದ ಪ್ರಚಾರಕನೂ ಅತಿಕ್ರಮ ಪ್ರವೇಶದ ದೂರಿಗೆ ಗುರಿಯಾಗಬಹುದು. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳುಹಿಸಿ; ಆಗಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಲ್ಲಿಗೆ ಹೋಗಬಹುದು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಬಂಧಿಸಿದವರಿಗೆ ಕಾರಣ ತಿಳಿಸಲೇಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕಾನೂನು ನೆರವಿನ ಸಹಾಯವಾಣಿ 15100.