ವಕೀಲರಿಗೆ ರೊಕ್ಕ ಎಲ್ಲಿಂದ ತರೋದು?

ನಮ್ಮ ಮೋಟೆಬೆನ್ನೂರಿನಂಥ ಊರುಗಳಲ್ಲಿ ಬದುವಿನ ಜಗಳ ಹೊಸದಲ್ಲ. ಮಾತಿಗೆ ಮಾತು ಬೆಳೆಯುತ್ತದೆ. ಹೊಡೆದಾಟ ಆಗುತ್ತದೆ. ಪೊಲೀಸರು ಕೇಸು ಹಾಕುತ್ತಾರೆ. ಬ್ಯಾಡಗಿ ಕೋರ್ಟಿನಿಂದ ಸಮನ್ಸ್ ಬರುತ್ತದೆ. ಆಗ ಮನೆಯಲ್ಲಿ ಮೊದಲು ಏಳುವ ಮಾತು ಒಂದೇ: "ವಕೀಲರಿಗೆ ರೊಕ್ಕ ಎಲ್ಲಿಂದ ತರೋದು?"

ಕೆಲವರು ಮೆಣಸಿನಕಾಯಿ ಮಾರಿದ ರೊಕ್ಕ ಕೊಡುತ್ತಾರೆ. ಕೆಲವರು ಎತ್ತು ಮಾರುತ್ತಾರೆ. ಇನ್ನು ಕೆಲವರು "ತಪ್ಪಾತ್ರಿ ಸಾಹೇಬ್ರ" ಎಂದು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾರೆ. ದಂಡ ಕಟ್ಟಿದರೆ ಮುಗೀತು ಅಂತ ಅವರ ಲೆಕ್ಕ. ಆದರೆ ಒಪ್ಪಿಕೊಂಡವರ ಹೆಸರು ಕೋರ್ಟಿನ ಕಾಗದದಲ್ಲಿ ಅಪರಾಧಿ ಎಂದು ಉಳಿಯುತ್ತದೆ.

ಹೀಗೆ ಮಾಡಬೇಕಾಗಿಲ್ಲ. ಬಡವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಇದಕ್ಕೆ 1987ರಲ್ಲಿ ಕಾನೂನು ಆಯಿತು. 1995ರ ನವೆಂಬರ್ 9ರಿಂದ ಅದು ಜಾರಿಯಲ್ಲಿದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಜೈಲಿನಲ್ಲಿ ಇರುವವರು, ಇವರ ಆದಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದವರ ಆದಾಯ ಸರ್ಕಾರ ಹೇಳಿದ ಮಿತಿಯ ಒಳಗೆ ಇರಬೇಕು.

"ನಾವು ಕೇಳಲೇ ಇಲ್ಲ, ಈಗ ಏನು ಮಾಡೋದು?" ಎನ್ನುವವರು ಇದನ್ನು ಓದಿರಿ. ದೂರದ ಅರುಣಾಚಲ ಪ್ರದೇಶದಲ್ಲಿ ಸುಕ್ ದಾಸ್ ಎಂಬವರ ಮೇಲೆ ಕೇಸು ಆಯಿತು. ಅವರಿಗೆ ವಕೀಲರನ್ನು ಇಡುವ ಶಕ್ತಿ ಇರಲಿಲ್ಲ. ಪುಕ್ಕಟೆ ವಕೀಲರು ಸಿಗುತ್ತಾರೆ ಎಂದು ಯಾರೂ ಹೇಳಲಿಲ್ಲ. ಅವರಿಗೆ ಎರಡು ವರ್ಷ ಶಿಕ್ಷೆ ಆಯಿತು. 1986ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿತು. ಬಡವನಿಗೆ ಈ ಹಕ್ಕಿನ ವಿಷಯ ತಿಳಿಸುವುದು ನ್ಯಾಯಾಧೀಶರ ಕೆಲಸ, ಅವನು ಕೇಳಲಿಲ್ಲ ಎಂಬುದು ನೆಪ ಆಗಬಾರದು ಎಂದು ಹೇಳಿತು.

ಆದರೂ ನಾವೇ ಬಾಯಿ ಬಿಟ್ಟು ಕೇಳುವುದು ಒಳ್ಳೆಯದು. ಬ್ಯಾಡಗಿ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹಾವೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಅರ್ಜಿ ಅಲ್ಲಿ ಕೊಡಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿನವರೇ ಬರೆದುಕೊಳ್ಳಬೇಕು. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಜೈಲಿನಲ್ಲಿ ಇದ್ದವರು ಜೈಲು ಅಧಿಕಾರಿಯ ಕೈಗೆ ಅರ್ಜಿ ಕೊಡಬಹುದು.

"ಪುಕ್ಕಟೆ ವಕೀಲರು ಮನಸ್ಸಿಟ್ಟು ವಾದ ಮಾಡ್ತಾರೇನ್ರಿ?" ಎಂದು ಅಕ್ಕಂದಿರು ಕೇಳುತ್ತಾರೆ. ಸಂಶಯ ಬರುವುದು ಸಹಜ. ಆ ವಕೀಲರಿಗೆ ಸಮಿತಿಯೇ ಫೀಜು ಕೊಡುತ್ತದೆ. ಅವರು ನಮ್ಮ ಹತ್ತಿರ ರೊಕ್ಕ ಕೇಳುವಂತಿಲ್ಲ. ಕೇಳಿದರೆ, ಇಲ್ಲವೇ ಕೋರ್ಟಿಗೆ ಬಾರದೆ ಹೋದರೆ, ಸಮಿತಿಗೆ ದೂರು ಕೊಡಿರಿ. ಬೇರೆ ವಕೀಲರನ್ನು ಕೇಳಿರಿ.

ಈ ಮಾತನ್ನು ಪಾಟಿಯ ಮೇಲೆ ಬರೆಯಿರಿ. ಗಟ್ಟಿಯಾಗಿ ಓದಿರಿ:

"ಸ್ವಾಮಿ, ವಕೀಲರನ್ನು ಇಡಲು ನನಗೆ ಶಕ್ತಿ ಇಲ್ಲ. ನನಗೆ ಉಚಿತ ವಕೀಲರನ್ನು ಕೊಡಿಸಿರಿ."