ಬಗ್ಗಡವಾದ ನೀರು, ಬಳಲಿದ ಮೀನು

ಮನೆಯ ಪಡಸಾಲೆಯಲ್ಲಾಗಲಿ ಶಾಲೆಯ ಪ್ರಯೋಗಶಾಲೆಯಲ್ಲಾಗಲಿ ಹೊಸದಾಗಿ ಇರಿಸಿದ ಗಾಜಿನ ಮೀನುತೊಟ್ಟಿಯು ನೋಡುವವರ ಕಣ್ಣಿಗೆ ಆನಂದವನ್ನೂ ಕಲಿಯುವವರ ಬುದ್ಧಿಗೆ ಆಹಾರವನ್ನೂ ಒದಗಿಸುತ್ತದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಈ ಆನಂದವು ಅಲ್ಪಕಾಲದ್ದು. ಮೊದಲ ದಿನ ಸ್ಫಟಿಕದಂತಿದ್ದ ನೀರು ನಾಲ್ಕನೆಯ ದಿನಕ್ಕೆ ಹಾಲು ಬೆರೆಸಿದಂತೆ ಮಬ್ಬಾಗುತ್ತದೆ. ಚುರುಕಾಗಿ ಈಜುತ್ತಿದ್ದ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತವೆ. ಹತ್ತು ಹದಿನೈದು ದಿನಗಳೊಳಗೆ ಒಂದೊಂದಾಗಿ ಸಾಯುತ್ತವೆ. ತೊಟ್ಟಿಯನ್ನಿಟ್ಟವರು ತಮ್ಮ ಕೈಗುಣವನ್ನೋ ಅಂಗಡಿಯವನನ್ನೋ ದೂರಿ, ನಿರಾಶರಾಗಿ ತೊಟ್ಟಿಯನ್ನು ಅಟ್ಟಕ್ಕೆ ಏರಿಸಿಬಿಡುತ್ತಾರೆ. ವಾಸ್ತವವಾಗಿ ಇಲ್ಲಿ ಕೈಗುಣದ ಪ್ರಶ್ನೆಯೇ ಇಲ್ಲ. ಹೊಸ ತೊಟ್ಟಿಯಲ್ಲಿ ಏನು ನಡೆಯುತ್ತದೆ, ನೀರು ಏಕೆ ಕೆಡುತ್ತದೆ, ಮೀನಿನ ಸಂಕಟವನ್ನು ಹೇಗೆ ಗುರುತಿಸಬೇಕು, ಯಾವ ಕ್ರಮದಲ್ಲಿ ಪರಿಹರಿಸಬೇಕು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶ.

ನದಿಯೂ ತೊಟ್ಟಿಯೂ

ಶೃಂಗೇರಿಯ ತುಂಗಾ ನದಿಯಲ್ಲಿ ಯಾತ್ರಿಕರು ಎಸೆಯುವ ಮಂಡಕ್ಕಿಗೆ ಮುತ್ತುವ ಮೀನುಗಳ ಹಿಂಡನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅಷ್ಟೊಂದು ಮೀನುಗಳ ವಿಸರ್ಜನೆಯನ್ನು ಹರಿಯುವ ಹೊಳೆ ಹೊತ್ತೊಯ್ಯುತ್ತದೆ. ಕ್ಷಣಕ್ಷಣಕ್ಕೂ ಹೊಸ ನೀರು ಬರುತ್ತದೆ. ತೊಟ್ಟಿಯ ಮೀನಿಗೆ ಆ ಭಾಗ್ಯವಿಲ್ಲ. ೬೦ ಸೆಂಟಿಮೀಟರು ಉದ್ದ, ೩೦ ಸೆಂಟಿಮೀಟರು ಅಗಲ, ೩೦ ಸೆಂಟಿಮೀಟರು ಎತ್ತರದ ತೊಟ್ಟಿಯ ಗಾತ್ರ ೫೪ ಲೀಟರು. ತಳದ ಜಲ್ಲಿಯನ್ನೂ ಮೇಲಿನ ತೆರವನ್ನೂ ಕಳೆದರೆ ಉಳಿಯುವ ನೀರು ಸುಮಾರು ೪೫ ಲೀಟರು, ಎಂದರೆ ಮೂರು ಬಕೀಟು. ಈ ಮೂರು ಬಕೀಟು ನೀರೇ ಆ ಜೀವಿಗಳಿಗೆ ಮನೆ, ಗಾಳಿ ಮತ್ತು ಬಚ್ಚಲು. ಉಸಿರಾಡುವುದೂ ಅಲ್ಲಿಯೇ, ವಿಸರ್ಜಿಸುವುದೂ ಅಲ್ಲಿಯೇ.

ಮೀನು ತನ್ನ ದೇಹದ ಸಾರಜನಕ ತ್ಯಾಜ್ಯವನ್ನು ಮುಖ್ಯವಾಗಿ ಅಮೋನಿಯಾ ರೂಪದಲ್ಲಿ, ಬಹುಪಾಲು ಕಿವಿರುಗಳ ಮೂಲಕವೇ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರವೂ ಉದುರಿದ ಎಲೆಯೂ ಕೊಳೆತು ಅಮೋನಿಯಾವನ್ನೇ ಕೊಡುತ್ತವೆ. ಈ ಅಮೋನಿಯಾಕ್ಕೆ ಬಣ್ಣವಿಲ್ಲ. ತೊಟ್ಟಿಯಲ್ಲಿ ಇರುವ ಅಲ್ಪಪ್ರಮಾಣದಲ್ಲಿ ಅದರ ವಾಸನೆಯೂ ನಮಗೆ ತಿಳಿಯದು. ಆದುದರಿಂದ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಇದು: ತಿಳಿಯಾಗಿ ಕಾಣುವ ನೀರೆಲ್ಲ ಮೀನಿಗೆ ಹಿತವಾದ ನೀರಲ್ಲ.

ತಂದೆಯ ತೊಟ್ಟಿ, ಮಗನ ಸಂಶೋಧನೆ

ಈ ವಿಷಯದ ಇತಿಹಾಸ ಸ್ವಾರಸ್ಯಕರವಾದುದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ೧೮೫೦ರಲ್ಲಿ ತನ್ನ ಪ್ರಯೋಗವೊಂದನ್ನು ಅಲ್ಲಿನ ರಸಾಯನಶಾಸ್ತ್ರ ಸಂಘದ ಮುಂದಿಟ್ಟನು. ಗಾಜಿನ ಪಾತ್ರೆಯೊಂದರಲ್ಲಿ ಎರಡು ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಆತ ಇರಿಸಿದ್ದನು. ಗಿಡವು ಆಮ್ಲಜನಕ ಕೊಟ್ಟು ಮೀನನ್ನು ಉಳಿಸುವುದೆಂದು ಆತನ ಎಣಿಕೆ. ಆದರೆ ಕೊಳೆತ ಎಲೆಗಳಿಂದ ನೀರು ಬಗ್ಗಡವಾಗಿ ಮೀನುಗಳಿಗೆ ತೊಂದರೆಯಾಗತೊಡಗಿತು. ಆಗ ಆತನು ಕೆಲವು ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ತಿಂದು ಮುಗಿಸಿದವು; ನೀರು ತಿಳಿಯಾಯಿತು. ಹೊಸ ತೊಟ್ಟಿಯ ಬಗ್ಗಡದ ಸಮಸ್ಯೆಯೂ ಅದಕ್ಕೊಂದು ಪರಿಹಾರವೂ ಹೀಗೆ ಒಟ್ಟಿಗೇ ದಾಖಲಾದವು.

ಆದರೆ ಆ ಪಾತ್ರೆಯಲ್ಲಿ ಕಣ್ಣಿಗೆ ಕಾಣದೆ ದುಡಿಯುತ್ತಿದ್ದ ಇನ್ನೊಂದು ಜೀವವರ್ಗವಿದೆಯೆಂಬುದು ಆ ಕಾಲಕ್ಕೆ ಗೊತ್ತಿರಲಿಲ್ಲ. ಅಮೋನಿಯಾವು ನೈಟ್ರೇಟಾಗಿ ಮಾರ್ಪಡುವುದು ಸೂಕ್ಷ್ಮಜೀವಿಗಳ ಕಾರ್ಯವೆಂದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ೧೮೭೭ರಲ್ಲಿ ತೋರಿಸಿದರು. ಇದು ಎರಡು ಹಂತಗಳಲ್ಲಿ, ಬೇರೆ ಬೇರೆ ಜೀವಿಗಳಿಂದ ನಡೆಯುತ್ತದೆಂಬುದನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿ ಮಣ್ಣನ್ನು ಅಭ್ಯಸಿಸುತ್ತಿದ್ದ ಇನ್ನೊಬ್ಬ ರಾಬರ್ಟ್ ವಾರಿಂಗ್ಟನ್ ಕಂಡುಕೊಂಡನು. ಈತ ಮೀನಿನ ಪಾತ್ರೆಯ ವಾರಿಂಗ್ಟನ್ನನ ಮಗ! ತಂದೆಯ ತೊಟ್ಟಿಯಲ್ಲಿ ನಡೆದಿದ್ದ ಕಾಣದ ಕಾರ್ಯವನ್ನು ಮಗನು ಹೊಲದ ಮಣ್ಣಿನಲ್ಲಿ ಅರಸಿದಂತಾಯಿತು. ಈ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದ ಕೀರ್ತಿ ೧೮೯೦ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿಗೆ ಸಂದಿತು. ಈ ಶೋಧ ಇನ್ನೂ ಮುಗಿದಿಲ್ಲ. ಅಮೋನಿಯಾವನ್ನು ಉತ್ಕರ್ಷಿಸುವ ಆರ್ಕಿಯಾ ಎಂಬ ಪ್ರಾಚೀನ ವರ್ಗದ ಸೂಕ್ಷ್ಮಜೀವಿಯೊಂದನ್ನು ೨೦೦೫ರಲ್ಲಿ ಮೊದಲ ಬಾರಿಗೆ ಪ್ರತ್ಯೇಕಿಸಿದುದು ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದ ತೊಟ್ಟಿಯೊಂದರ ಜಲ್ಲಿಯಿಂದಲೇ.

ಈ ಪರಿವರ್ತನೆಯ ಕ್ರಮ ಹೀಗಿದೆ. ಒಂದು ಗುಂಪಿನ ಜೀವಿಗಳು ಅಮೋನಿಯಾವನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ; ಇದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತದೆ. ಇದು ಅಲ್ಪಪ್ರಮಾಣದಲ್ಲಿ ಮೀನಿಗೆ ಬಾಧಕವಲ್ಲ, ಗಿಡಗಳಿಗೆ ಗೊಬ್ಬರವೂ ಹೌದು. ಈ ಸೇವಕರು ಜಲ್ಲಿಗೆ, ಗಾಜಿಗೆ, ಶೋಧಕದ ಸ್ಪಂಜಿಗೆ ಅಂಟಿಕೊಂಡು ಬದುಕುತ್ತವೆ. ಆದರೆ ಅವುಗಳ ಬೆಳವಣಿಗೆ ಬಲು ನಿಧಾನ. ಕೊಳೆತುದನ್ನು ತಿಂದು ಬದುಕುವ ಸಾಮಾನ್ಯ ಬ್ಯಾಕ್ಟೀರಿಯಾಗಳು ಅನುಕೂಲ ದೊರೆತರೆ ಒಂದು ಗಂಟೆಯೊಳಗೆ ಇಮ್ಮಡಿಯಾಗಬಲ್ಲವು. ಇವು ಇಮ್ಮಡಿಯಾಗಲು ಅರ್ಧ ದಿನದಿಂದ ಒಂದೆರಡು ದಿನಗಳು ಬೇಕು. ಆದುದರಿಂದ ಹೊಸ ತೊಟ್ಟಿಯಲ್ಲಿ ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಬಳಿಕ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಶೂನ್ಯಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹೊಸ ತೊಟ್ಟಿಯ ಬಹುಪಾಲು ಸಾವುಗಳು ಸಂಭವಿಸುವುದು ಈ ಅವಧಿಯಲ್ಲಿ.

ಬಗ್ಗಡದ ಬಗೆಗಳು

ವೈದ್ಯನು ಮೊದಲು ನಾಡಿಯನ್ನು ಹಿಡಿಯುವಂತೆ ನಾವು ಮೊದಲು ನೀರಿನ ಬಣ್ಣವನ್ನೂ ಅದು ಕೆಟ್ಟ ಕಾಲವನ್ನೂ ಗಮನಿಸಬೇಕು.

೧. ನೀರು ತುಂಬಿದ ಗಳಿಗೆಯಲ್ಲಿಯೇ ಬೂದುಬಣ್ಣದ ಮಬ್ಬು ಕಂಡರೆ ಅದು ತೊಳೆಯದ ಜಲ್ಲಿಯ ಧೂಳು. ಒಂದೆರಡು ದಿನಗಳಲ್ಲಿ ತಾನಾಗಿ ತಂಗುತ್ತದೆ.

೨. ಎರಡನೆಯ ದಿನದಿಂದ ಒಂದು ವಾರದೊಳಗೆ ಹಾಲಿನಂತಹ ಬಿಳುಪು ಮೂಡಿದರೆ ಅದು ಮೇಲೆ ಹೇಳಿದ ಸಾಮಾನ್ಯ ಬ್ಯಾಕ್ಟೀರಿಯಾಗಳ ಹಠಾತ್ ವೃದ್ಧಿ. ಉಳಿದ ಆಹಾರವೇ ಅವುಗಳ ಹಬ್ಬದೂಟ. ಇವು ನೇರವಾಗಿ ವಿಷಕಾರಿಗಳಲ್ಲ. ಆದರೆ ನೀರಿನ ಆಮ್ಲಜನಕವನ್ನು ಕಬಳಿಸುತ್ತವೆ. ತಿನ್ನಲು ಏನೂ ಸಿಗದಾದಾಗ ಕೆಲವು ದಿನಗಳಲ್ಲಿ ತಾವೇ ಕ್ಷೀಣಿಸುತ್ತವೆ.

೩. ಕೆಲವು ವಾರಗಳ ಬಳಿಕ ನೀರು ಹಸಿರಾದರೆ ಅದು ತೇಲುವ ಪಾಚಿ. ಬಿಸಿಲು ಬೀಳುವ ಕಿಟಕಿಯ ಬಳಿ ತೊಟ್ಟಿಯಿಟ್ಟಿರುವುದೂ ಗೊಬ್ಬರದ ಅಂಶ ಹೆಚ್ಚಿರುವುದೂ ಅದಕ್ಕೆ ಕಾರಣ.

೪. ಚಹದ ತಿಳಿಯಂತೆ ಕಂದು ಬಣ್ಣ ಬಂದರೆ ಅಲಂಕಾರಕ್ಕಿಟ್ಟ ಮರದ ತುಂಡಿನಿಂದ ಒಸರಿದ ಒಗರು ಪದಾರ್ಥವದು. ಸಾಮಾನ್ಯವಾಗಿ ಅಪಾಯವಿಲ್ಲ.

ಮೀನು ನುಡಿಯುವ ಭಾಷೆ

ಮೂಕಪ್ರಾಣಿಯು ಬಾಯಿಬಿಟ್ಟು ಹೇಳಲಾರದು. ಅದರ ನಡವಳಿಕೆಯೇ ಅದರ ಮಾತು.

ಮೀನುಗಳೆಲ್ಲ ಮೇಲ್ಮೈಯಲ್ಲಿ, ವಿಶೇಷವಾಗಿ ನಸುಕಿನಲ್ಲಿ, ಏದುಸಿರು ಬಿಡುತ್ತಿದ್ದರೆ ಆಮ್ಲಜನಕದ ಕೊರತೆಯನ್ನು ಮೊದಲು ಶಂಕಿಸಬೇಕು. ರಾತ್ರಿ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: ೨೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು ೯ ಮಿಲಿಗ್ರಾಂ ಇದ್ದರೆ ೩೦ ಡಿಗ್ರಿಯಲ್ಲಿ ಸುಮಾರು ಏಳೂವರೆ. ಬಯಲುಸೀಮೆಯ ಬೇಸಗೆಯಲ್ಲಿ ಇದು ಮರೆಯಬಾರದ ಸಂಗತಿ.

ಕಿವಿರುಗಳು ಕೆಂಪೇರಿ ಉರಿಗೊಂಡಂತೆ ಕಂಡರೆ, ಮೀನು ರೆಕ್ಕೆಗಳನ್ನು ಮಡಿಸಿಕೊಂಡು ಮೂಲೆ ಹಿಡಿದರೆ ಅಮೋನಿಯಾವನ್ನು ಶಂಕಿಸಬೇಕು. ಇಲ್ಲಿ ನೀರಿನ ಪಿಎಚ್ ಮುಖ್ಯ. ನೀರಿನಲ್ಲಿ ಅಮೋನಿಯಾವು ಎರಡು ರೂಪಗಳಲ್ಲಿರುತ್ತದೆ. ಅವುಗಳಲ್ಲಿ ಅಯಾನೀಕರಿಸದ ರೂಪವೇ ತೀವ್ರ ವಿಷ. ೨೫ ಡಿಗ್ರಿ ಶಾಖದಲ್ಲಿ ಪಿಎಚ್ ೭ ಇದ್ದಾಗ ಈ ರೂಪವು ಒಟ್ಟಿನ ಶೇಕಡಾ ಅರ್ಧದಷ್ಟು. ಪಿಎಚ್ ೮ ಆದಾಗ ಶೇಕಡಾ ೫ರಷ್ಟು. ಒಂದೇ ಮೊತ್ತದ ಅಮೋನಿಯಾ ಕ್ಷಾರಗುಣದ ನೀರಿನಲ್ಲಿ ಹತ್ತು ಪಟ್ಟು ಅಪಾಯಕಾರಿ! ಕ್ಷಾರಗುಣದ ಕೊಳವೆಬಾವಿಯ ನೀರನ್ನು ಬಳಸುವವರು ಇದನ್ನು ನೆನಪಿಡಬೇಕು.

ಕಿವಿರುಗಳು ಕೆಂಪಿನ ಬದಲು ಕಂದು ಬಣ್ಣಕ್ಕೆ ತಿರುಗಿ, ಗಾಳಿ ಗುಳ್ಳೆಗಳು ಧಾರಾಳವಾಗಿ ಏಳುತ್ತಿದ್ದರೂ ಮೀನು ಏದುಸಿರು ಬಿಡುತ್ತಿದ್ದರೆ ಅದು ನೈಟ್ರೈಟಿನ ಲಕ್ಷಣ. ನೈಟ್ರೈಟು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ಮೆಥಿಮೋಗ್ಲೋಬಿನ್ನಾಗಿ ಮಾರ್ಪಡಿಸುತ್ತದೆ. ಸುತ್ತಲೂ ಆಮ್ಲಜನಕವಿದ್ದರೂ ಮೀನು ಒಳಗೇ ಉಸಿರುಗಟ್ಟುತ್ತದೆ.

ನಲ್ಲಿಯ ನೀರು ಹಾಕಿದ ಕೂಡಲೇ ಮೀನು ದಿಕ್ಕೆಟ್ಟು ಓಡಾಡಿದರೆ ಅದು ಕ್ಲೋರಿನ್ನಿನ ಬಾಧೆ ಇರಬಹುದು. ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳು ಮೂಡಿದರೆ ಮಾತ್ರ ಅದು ಪರೋಪಜೀವಿಯ ರೋಗ. ಅದರ ಚಿಕಿತ್ಸೆ ಬೇರೆ. ಲಕ್ಷಣವನ್ನು ನೋಡದೆ ಅಂಗಡಿಯ ನೀಲಿ ಹಳದಿ ಔಷಧಿಗಳನ್ನು ಸುರಿಯುವುದರಿಂದ ಉಪಕಾರಿ ಜೀವಿಗಳೂ ನಾಶವಾಗುವ ಸಂಭವವಿದೆ.

ಪರಿಹಾರದ ಕ್ರಮ

ಮೊದಲನೆಯದಾಗಿ, ಎರಡು ದಿನ ಆಹಾರವನ್ನು ಸಂಪೂರ್ಣ ನಿಲ್ಲಿಸಬೇಕು. ಆರೋಗ್ಯವಂತ ಬೆಳೆದ ಮೀನಿಗೆ ಎರಡು ದಿನದ ಉಪವಾಸದಿಂದ ಹಾನಿಯಿಲ್ಲ. ಸತ್ತ ಮೀನನ್ನೂ ಕೊಳೆತ ಎಲೆಯನ್ನೂ ತಳದಲ್ಲಿ ಕುಳಿತ ಆಹಾರವನ್ನೂ ತೆಗೆದುಹಾಕಬೇಕು.

ಎರಡನೆಯದಾಗಿ, ಗಾಳಿ ಪಂಪನ್ನು ಹಗಲಿರುಳು ನಡೆಸಬೇಕು. ವಿದ್ಯುತ್ತು ಹೋದಾಗ ಲೋಟದಿಂದ ನೀರನ್ನು ಮೊಗೆದು ಎತ್ತರದಿಂದ ಮರಳಿ ಸುರಿದರೂ ಮೇಲ್ಮೈ ಕಲಕಿ ಆಮ್ಲಜನಕ ಸೇರುತ್ತದೆ.

ಮೂರನೆಯದಾಗಿ, ಪ್ರತಿದಿನ ನಾಲ್ಕನೆಯ ಒಂದು ಭಾಗ ನೀರನ್ನು ತೆಗೆದು, ಅದೇ ಶಾಖದ ಹೊಸ ನೀರನ್ನು ನಿಧಾನವಾಗಿ ತುಂಬಬೇಕು. ನಲ್ಲಿಯ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಗಾಳಿಯಾಡಿಸಿ ಇಟ್ಟರೆ ಕ್ಲೋರಿನ್ ಹೊರಟುಹೋಗುತ್ತದೆ. ಅವಸರವಿದ್ದರೆ ಶಾಲೆಯ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿರುವ ಹೈಪೋ, ಎಂದರೆ ಸೋಡಿಯಂ ಥಯೋಸಲ್ಫೇಟ್ ನೆರವಾಗುತ್ತದೆ. ಕ್ಲೋರಿನ್ನಿನ ತೂಕದ ಏಳು ಪಟ್ಟು ಹೈಪೋ ಸಾಕು. ಲೀಟರಿಗೆ ೧ ಮಿಲಿಗ್ರಾಂ ಕ್ಲೋರಿನ್ ಇರುವ ೧೫ ಲೀಟರಿನ ಬಕೀಟಿಗೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗವಾಯಿತು. ಕೊಳವೆಬಾವಿಯ ನೀರನ್ನೂ ಒಂದು ದಿನ ಗಾಳಿಯಾಡಿಸಬೇಕು. ಆಗ ತಾನೇ ಮೇಲೆತ್ತಿದ ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲಾಮ್ಲ ಹೆಚ್ಚು.

ನಾಲ್ಕನೆಯದಾಗಿ, ನೈಟ್ರೈಟಿನ ಲಕ್ಷಣ ಕಂಡಾಗ ಲೀಟರಿಗೆ ಒಂದು ಗ್ರಾಂ ಉಪ್ಪನ್ನು ಬೇರೆ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಸೇರಿಸಬಹುದು. ಉಪ್ಪಿನ ಕ್ಲೋರೈಡು ಕಿವಿರಿನ ಮೂಲಕ ನೈಟ್ರೈಟ್ ಒಳಸೇರುವುದನ್ನು ತಡೆಯುತ್ತದೆ. ಕೋಮಲವಾದ ನೀರುಗಿಡಗಳಿದ್ದರೆ ಎಚ್ಚರ ಬೇಕು.

ಇನ್ನು ಮಾಡಬಾರದ ಕಾರ್ಯವೊಂದಿದೆ. ನೀರು ಬಗ್ಗಡವಾಯಿತೆಂದು ತೊಟ್ಟಿಯನ್ನೆಲ್ಲ ಬರಿದುಮಾಡಿ, ಜಲ್ಲಿಯನ್ನು ಉಜ್ಜಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹೊಸ ನೀರು ತುಂಬುವುದು ನಮ್ಮಲ್ಲಿ ಸಾಮಾನ್ಯ. ಕಣ್ಣಿಗೆ ಅದು ಶುಚಿತ್ವ. ಆದರೆ ಅಷ್ಟು ದಿನ ಕಷ್ಟಪಟ್ಟು ನೆಲೆಯೂರಿದ್ದ ಸೇವಕ ಜೀವಿಗಳನ್ನು ಅದು ತೊಳೆದು ಚೆಲ್ಲುತ್ತದೆ, ಕಾಲಗಣನೆ ಮತ್ತೆ ಮೊದಲನೆಯ ದಿನಕ್ಕೆ ಮರಳುತ್ತದೆ. ಮಾರನೆಯ ದಿನ ನೀರು ಹೊಳೆಯುತ್ತದೆ, ಮರುವಾರ ಮೀನು ಸಾಯುತ್ತದೆ. ಸ್ಪಂಜು ಕಟ್ಟಿಕೊಂಡಿದ್ದರೆ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೃದುವಾಗಿ ಜಾಲಿಸಿದರೆ ಸಾಕು.

ಆರಂಭದಲ್ಲಿಯೇ ಎಚ್ಚರ

ರೋಗ ಬಂದ ಮೇಲೆ ಮದ್ದಿಗಿಂತ ಬರದಂತೆ ತಡೆಯುವುದು ಲೇಸು. ಜಲ್ಲಿಯನ್ನು ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಬಹುಕಾಲದಿಂದ ಆರೋಗ್ಯವಾಗಿರುವ ತೊಟ್ಟಿಯೊಂದು ಪರಿಚಿತರಲ್ಲಿದ್ದರೆ ಅಲ್ಲಿಯ ಶೋಧಕದ ಸ್ಪಂಜಿನ ತುಂಡೊಂದನ್ನು ಒದ್ದೆಯಾಗಿಯೇ ತಂದು ಹಾಕಬೇಕು. ಹಾಲಿಗೆ ಹೆಪ್ಪು ಹಾಕಿದಂತೆ ಅದು ಕೆಲಸವನ್ನು ಬೇಗ ಕುದುರಿಸುತ್ತದೆ. ೪೫ ಲೀಟರು ನೀರಿಗೆ ಮೊದಲು ಮೂರು ನಾಲ್ಕು ಗಪ್ಪಿಯಂತಹ ಸಣ್ಣ ಮೀನುಗಳು ಸಾಕು. ಚಿನ್ನದ ಮೀನು ಬೆಳೆದು ದೊಡ್ಡದಾಗುವ, ಬಹಳ ವಿಸರ್ಜಿಸುವ ಜೀವಿ. ದುಂಡು ಗಾಜಿನ ಬಟ್ಟಲು ಅದಕ್ಕೆ ಸೆರೆಮನೆಯೇ ಸರಿ. ಎರಡು ಮೂರು ನಿಮಿಷಗಳಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರವನ್ನು ಕೊಡಬೇಕು. ಅಮೋನಿಯಾ, ನೈಟ್ರೈಟುಗಳನ್ನು ಅಳೆಯುವ ಹನಿ ಪರೀಕ್ಷೆಯ ದ್ರಾವಣಗಳು ದೊರೆಯುತ್ತವೆ. ವಿದ್ಯಾರ್ಥಿಗಳು ದಿನಕ್ಕೊಮ್ಮೆ ಪರೀಕ್ಷಿಸಿ, ತಾರೀಖು ಹಾಕಿ ನಕ್ಷೆ ಬರೆದರೆ ಆರು ವಾರಗಳಲ್ಲಿ ಸಾರಜನಕದ ಚಕ್ರವನ್ನು ಪುಸ್ತಕವಿಲ್ಲದೆಯೇ ಕಲಿತಂತಾಗುತ್ತದೆ.

ಪಂಕ್ತಿಯಲ್ಲಿ ಕುಳಿತಾಗ ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕು, ಪ್ರಸಾದವನ್ನು ಚೆಲ್ಲಬಾರದು ಎಂಬುದು ಮಠದ ಮಕ್ಕಳು ಕಲಿಯುವ ಮೊದಲ ಪಾಠಗಳಲ್ಲೊಂದು. ಆ ಪಾಠ ತೊಟ್ಟಿಗೂ ಸಲ್ಲುತ್ತದೆ: ಅಲ್ಲಿ ಮಿಕ್ಕಿ ಉಳಿದ ಪ್ರತಿ ಕಾಳೂ ವಿಷವಾಗಿ ಮಾರ್ಪಡುತ್ತದೆ. ಸಕಲ ಪ್ರಾಣಿಗಳಲ್ಲಿಯೂ ದಯೆಯಿರಬೇಕೆಂದು ಶರಣರು ಬೋಧಿಸಿದರು. ಆ ದಯೆಗೆ ತಿಳಿವಳಿಕೆ ಜೊತೆಯಾಗದಿದ್ದರೆ ಪ್ರೀತಿಯಿಂದ ಹೆಚ್ಚು ಉಣಿಸುವ ಕೈಯೇ, ಕಾಳಜಿಯಿಂದ ಎಲ್ಲವನ್ನೂ ತೊಳೆಯುವ ಕೈಯೇ ಮೀನಿಗೆ ಕಂಟಕವಾಗುತ್ತದೆ. ಗಾಜಿನ ಗೋಡೆಯೊಳಗೆ ಒಂದು ಜೀವವನ್ನು ತಂದಿಟ್ಟ ಮೇಲೆ ಅದು ಬೇರೆಡೆಗೆ ಹೋಗಲಾರದು. ಅದರ ನೀರಿನ ಹೊಣೆ ನಮ್ಮದು. ಮೊದಲ ಆರು ವಾರಗಳ ತಾಳ್ಮೆಯನ್ನೂ ಕಾಯಕವೆಂದು ತಿಳಿದು ನಡೆದರೆ ನೀರೂ ತಿಳಿಯಾಗುವುದು, ಮೀನೂ ಬದುಕುವುದು.