ಮುತ್ತಜ್ಜಿ ಪಹಣಿಯಲ್ಲಿ ಸಿಗುವುದಿಲ್ಲ

ಹಂದನಕೆರೆ

ಮಗಳೇ,

ನಮ್ಮ ಊರಿಗೆ ಸೊಸೆಯಾಗಿ ಬಂದ ನಿನ್ನ ಮುತ್ತಜ್ಜಿ ಯಾರ ಮಗಳು, ಯಾವ ಊರಿನವರು ಎಂದು ಕೇಳಿ ಬೆಂಗಳೂರಿನಿಂದ ಬರೆದಿದ್ದೀಯ. ಊರು ಬಿಟ್ಟ ಎಷ್ಟೋ ಮಕ್ಕಳು ಇದನ್ನೇ ಕೇಳುತ್ತಿರುವುದರಿಂದ ಎಲ್ಲರೂ ಓದಲಿ ಎಂದು ಉತ್ತರಿಸುತ್ತಿದ್ದೇನೆ.

ನಾಡಕಚೇರಿಯ ವಂಶವೃಕ್ಷ ಖಾತೆ ಬದಲಾವಣೆಗೆ ಬೇಕಾದ ಕಾಗದ. ಪಹಣಿ ತೋಟದ ಒಡೆಯರನ್ನು ಹೇಳುತ್ತದೆ, ತೋಟ ಅಪ್ಪನಿಂದ ಮಗನಿಗೆ ಇಳಿದಿದೆ. ಕರ್ನಾಟಕದಲ್ಲಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಕಾನೂನು ಬಂದದ್ದೇ 1994ರಲ್ಲಿ. ಅದಕ್ಕೂ ಹಿಂದೆ ಗಂಡ ತೀರಿಕೊಂಡು ಪೌತಿ ಖಾತೆಯಾದ ಹೆಂಗಸಿನ ಹೆಸರು ಅಲ್ಲೊಂದು ಇಲ್ಲೊಂದು ಕಂಡೀತು. ಆಗಲೂ ‘ಕೋಂ’ ಎಂದು ಗಂಡನ ಹೆಸರು ಇರುತ್ತದೆ, ಅಪ್ಪನದು ಇರುವುದಿಲ್ಲ. ಇದು ನನಗೆ ಯಾವಾಗಲೂ ಅನ್ಯಾಯವಾಗಿಯೇ ಕಂಡಿದೆ.

ಅಮೆರಿಕದಲ್ಲಿ ಜನಗಣತಿಯ ಹಾಳೆಗಳನ್ನು 72 ವರ್ಷ ಕಳೆದ ಮೇಲೆ ಎಲ್ಲರಿಗೂ ತೆರೆದಿಡುತ್ತಾರೆ. 1950ರ ಗಣತಿ 2022ರಲ್ಲಿ ಹೊರಬಂತು. ಅಯೋವಾದ ರೈತರ ಮೊಮ್ಮಗಳು ಮನೆಯಲ್ಲೇ ಕೂತು ಅಜ್ಜಿಯ ವಯಸ್ಸು, ಹುಟ್ಟಿದ ರಾಜ್ಯ ಓದಬಹುದು. ನಮ್ಮ 1948ರ ಜನಗಣತಿ ಕಾಯ್ದೆ ಆ ವಿವರಗಳನ್ನು ಗುಟ್ಟಾಗಿಡುತ್ತದೆ. ಜನನ ಮರಣ ನೋಂದಣಿ ಕಾಯ್ದೆ 1969ರದು. ಹೀಗಾಗಿ ಮುತ್ತಜ್ಜಿಯ ಕಾಲದ ಸಂಗತಿಗೆ ನಮಗೆ ಬಾಯಿಮಾತೇ ದಫ್ತರ.

ನಿನ್ನ ತಾತನ ತಂಗಿ ತುರುವೇಕೆರೆ ಕಡೆ ಇದ್ದಾರೆಂದು ಪತ್ರದ ತುದಿಯಲ್ಲಿ ಸೇರಿಸಿದ್ದೀಯಲ್ಲ, ಮೊದಲು ಅವರ ಬಳಿಗೆ ಹೋಗು. ಇಸವಿ ಕೇಳಬೇಡ. ‘ಅವ್ವನಿಗೆ ಗೌರಿ ಹಬ್ಬದ ಬಾಗಿನ ಯಾವ ಊರಿಂದ ಬರ್ತಿತ್ತು?’ ಎಂದು ಕೇಳು. ಬಾಗಿನ ಕಳಿಸಿದ ಮನೆಯೇ ತವರು. ಚೊಚ್ಚಲ ಹೆರಿಗೆ ಎಲ್ಲಾಯಿತು ಎಂದು ಕೇಳು. ಅದೂ ಹೆಚ್ಚಾಗಿ ತವರಿನಲ್ಲೇ. ಹಿರಿಯ ಮಗ ಶಾಲೆಗೆ ಹೋಗಿದ್ದರೆ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ಊರು ಬರೆದಿರಲೂಬಹುದು. ಯಾವ ತೋಟಕ್ಕೆ ಸಸಿ ಇಟ್ಟ ವರ್ಷ ಯಾರು ಹುಟ್ಟಿದರು ಎಂದು ಕೇಳಿದರೆ ನಮ್ಮ ಸೀಮೆಯ ಮುದುಕಿಯರು ತಡವರಿಸದೆ ಹೇಳುತ್ತಾರೆ. ಬಾಳದೆ ಹೋದ ಕೂಸುಗಳು, ಎರಡನೇ ಸಂಬಂಧ ಇಂಥ ಮಾತು ಬಂದಾಗ ಫೋನಿನ ರೆಕಾರ್ಡಿಂಗ್ ನಿಲ್ಲಿಸಿ ಸುಮ್ಮನೆ ಕೇಳಿಸಿಕೋ.

ಅದಕ್ಕೂ ಹಿಂದಿನದಕ್ಕೆ ಹೆಳವರನ್ನು ಹುಡುಕು. ಎತ್ತಿನ ಮೇಲೆ ಬಂದು ಮನೆತನದ ಹಿರಿಯರ ಹೆಸರು, ಮೂಲ ಊರು ಹೇಳಿ ದವಸ ಪಡೆಯುವವರು ಅವರು. ತವರಿನ ಊರು ತಿಳಿದ ಮೇಲೆ, ಆ ಮನೆಗೆ ಯಾವ ಹೆಳವರು ಬರುತ್ತಿದ್ದರೆಂದು ಅಲ್ಲಿಯವರನ್ನೇ ವಿಚಾರಿಸು.

ಹಳೇ ಕ್ರಯಪತ್ರ ಸಿಕ್ಕರೆ ಎಚ್ಚರ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. ಧಾತು ಎಂದಿದ್ದರೆ 1876ರ ಬರಗಾಲದ್ದೂ ಆಗಬಹುದು, 1936ರದ್ದೂ ಆಗಬಹುದು. ಶಕವರ್ಷ ಬರೆದಿದೆಯೇ ನೋಡು. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿಯಿಂದಲೂ ಇಬ್ಬರು ಒಬ್ಬರಾಗಿಬಿಡುತ್ತಾರೆ. ‘ಬಿನ್’ ಮುಂದಿನ ಅಪ್ಪನ ಹೆಸರು ಹೊಂದುವ ತನಕ ಯಾರನ್ನೂ ನಿಮ್ಮವರೆಂದು ಬರೆದುಕೊಳ್ಳಬೇಡ.

ನೀನು ಬರೆಯುವ ವಂಶವೃಕ್ಷದಲ್ಲಿ ಪ್ರತಿ ಸೊಸೆಯ ಹೆಸರಿನ ಪಕ್ಕ ಆಕೆಯ ತಂದೆ, ತಾಯಿ, ತವರೂರು ಇರಲಿ. ತುರುವೇಕೆರೆಯ ಅಜ್ಜಿಗೆ ವಯಸ್ಸಾಗಿದೆ. ಹಬ್ಬ ಬರಲಿ ಎಂದು ಕಾಯದೆ ಬರುವ ಭಾನುವಾರವೇ ಬಸ್ಸು ಹತ್ತು.

ಇಂತಿ,
ನಿಮ್ಮೂರಿನ ಹಿರಿಯ